ಮೊದಲು ಕೈ ಇಡುವವರು

ಊಟದ ವಿಚಾರವಾಗಿ ಬರೆಯುವವರು ಸಾಮಾನ್ಯವಾಗಿ ರುಚಿಯನ್ನು ಕುರಿತು ಬರೆಯುತ್ತಾರೆ. ನನಗಾದರೋ ಊಟಕ್ಕಿಂತ, ಊಟ ಆರಂಭವಾಗುವುದಕ್ಕೆ ಮುಂಚಿನ ಆ ಮೂರು ನಾಲ್ಕು ನಿಮಿಷಗಳ ಮೇಲೆಯೇ ಹೆಚ್ಚು ಕುತೂಹಲ. ಎಲೆ ಹಾಕಿಯಾಗಿದೆ, ನೀರು ಚಿಮುಕಿಸಿ ಒರೆಸಿಯಾಗಿದೆ, ಉಪ್ಪು, ಉಪ್ಪಿನಕಾಯಿ, ಎರಡು ಪಲ್ಯ, ಅಪ್ಪಳ ಒಂದೊಂದಾಗಿ ತಮ್ಮ ತಮ್ಮ ಸ್ಥಾನವನ್ನು ಅಲಂಕರಿಸುತ್ತಿವೆ. ಹೊಟ್ಟೆ ಹಸಿದಿದೆ, ಮೂಗು ಎಚ್ಚೆತ್ತಿದೆ, ಬಲಗೈ ಮಾತ್ರ ತೊಡೆಯ ಮೇಲೆ ಸಂಭಾವಿತನಂತೆ ಕುಳಿತಿರಬೇಕು. ಈ ಸಂಯಮವನ್ನು ಮನುಷ್ಯನಿಗೆ ಯಾರು ಕಲಿಸಿದರೋ ತಿಳಿಯದು. ನನಗಂತೂ ಅಜ್ಜ ಕಲಿಸಿದ, ತೊಡೆ ಚಿವುಟಿ.

ತಮಿಳುನಾಡಿನ ನಮ್ಮ ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಎರಡು ನಿಯಮಗಳಿವೆ. ಎಲೆಯ ಮೇಲೆ ಬರಬೇಕಾದುದೆಲ್ಲ ಬಂದು, ಅನ್ನದ ಮೇಲೆ ತುಪ್ಪ ಬೀಳುವವರೆಗೆ ಯಾರೂ ಕೈ ಇಡಕೂಡದು. ತುಪ್ಪ ಬಿದ್ದ ಮೇಲೂ ಸಾಲಿನ ತಲೆಯಲ್ಲಿ ಕೂತವರು ಕೈ ಇಡುವವರೆಗೆ ಉಳಿದವರು ಕಾಯಬೇಕು. ಸಾಲಿನ ತಲೆಯಲ್ಲಿ ಯಾರನ್ನು ಕೂರಿಸಬೇಕೆಂಬುದನ್ನು ಮನೆಯ ಯಜಮಾನ ಬಹಳ ಯೋಚಿಸಿ ತೀರ್ಮಾನಿಸುತ್ತಾನೆ. ನನ್ನ ಅಜ್ಜ ಆ ಸ್ಥಾನಕ್ಕೆ ಹೇಳಿ ಮಾಡಿಸಿದ ಮನುಷ್ಯ. ಹೆಗಲ ತುಂಡುಪಂಚೆಯನ್ನು ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ, ಎದುರು ಸಾಲಿನವರ ಕುಶಲ ವಿಚಾರಿಸಿ, ಆಮೇಲೆ ಆತ ಅನ್ನ ಮುಟ್ಟುವಷ್ಟರಲ್ಲಿ ನನ್ನ ಅಪ್ಪಳ ಮೆತ್ತಗಾಗಿರುತ್ತಿತ್ತು. ದೊಡ್ಡವನಾದ ಮೇಲೆ ನಾನೂ ಆ ಜಾಗದಲ್ಲಿ ಕೂತು ನಲವತ್ತು ಜನರ ಅಪ್ಪಳ ಮೆತ್ತಗೆ ಮಾಡಬೇಕೆಂದು ಬಾಲ್ಯದಲ್ಲೇ ಸಂಕಲ್ಪಿಸಿದ್ದೆ. ಆ ಸಂಕಲ್ಪ ಈಡೇರಿದ ಬಗೆಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಕೊಡೈಕಾನಲ್ಲಿನ ಒಂದು ಫ್ರೆಂಚ್ ಭೋಜನಗೃಹಕ್ಕೆ ನೀವು ನನ್ನ ಜೊತೆ ಬರಬೇಕು. ಒಬ್ಬನೇ ಹೋಗಲು ನನಗೆ ಇಂದಿಗೂ ನಾಚಿಕೆ.

ಹೋಗುವ ದಾರಿಯಲ್ಲಿ ನನ್ನ ಪರಿಚಯವನ್ನೂ ಮುಗಿಸಿಬಿಡುತ್ತೇನೆ. ನಮ್ಮ ಹಿರಿಯರು ಈ ಕಣಿವೆಗೆ ಬಂದು ಎಷ್ಟು ತಲೆಮಾರುಗಳಾದವೆಂದು ಲೆಕ್ಕವಿಟ್ಟವರಿಲ್ಲ. ಬರುವಾಗ ತಂದ ಕನ್ನಡವನ್ನು ಅವರು ಮನೆಯೊಳಗೆ ಉಳಿಸಿಕೊಂಡು, ಅದಕ್ಕೆ ಬೇಕಾದಾಗಲೆಲ್ಲ ತಮಿಳಿನಿಂದ ಕೈಗಡ ತಂದು ಸಂಸಾರ ತೂಗಿಸಿದರು. ನಾನು ಮಾತ್ರ ಮೈಸೂರಿಗೆ ಓದಲು ಹೋಗಿ ಅಕ್ಷರ ಕಲಿತೆ, ವ್ಯಾಕರಣ ಕಲಿತೆ, 'ದಯವಿಟ್ಟು' ಎನ್ನುವುದನ್ನು ಕಲಿತೆ. ಊರಿಗೆ ಮರಳಿ ಬಾಯಿ ತೆರೆದರೆ ಅವ್ವ, "ಇವ್ನು ಏನ್ ರೇಡಿಯೋ ಅಂಗ ಪೇಸ್ತಾನ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ದಿಂಡುಗಲ್ಲಿನ ಒಂದು ಕಾಲೇಜಿನಲ್ಲಿ ಚರಿತ್ರೆಯ ಉಪನ್ಯಾಸಕನಾದೆ. ಪ್ಯಾಂಟು, ಬೂಟು, ಕಂಕುಳಲ್ಲಿ ಒಂದು ತೊಗಲಿನ ಚೀಲ. ಚೀಲದಲ್ಲಿ ಹೆಚ್ಚಾಗಿ ಕಡಲೆಕಾಯಿ ಇರುತ್ತಿತ್ತು. ಆದರೆ ಹೊರಗಿನಿಂದ ನೋಡಿದವರಿಗೆ ಅದು ವಿದ್ವತ್ತಿನಂತೆ ಕಾಣುತ್ತಿತ್ತು.

ರಂಗಸಾಮಿ ನನ್ನ ಬಾಲ್ಯದ ಗೆಳೆಯ. ಕಂಬಮ್ಮಿನ ಹೊರವಲಯದಲ್ಲಿ ಅವನದು ದ್ರಾಕ್ಷಿ ತೋಟ. ಕಲ್ಲಿನ ಕಂಬಗಳನ್ನು ನೆಟ್ಟು, ತಲೆಯ ಮೇಲೆ ತಂತಿಯ ಚಪ್ಪರ ಹೆಣೆದು ಬಳ್ಳಿ ಹಬ್ಬಿಸಿದ ತೋಟ. ಒಳಗೆ ಹೊಕ್ಕರೆ ಮಟಮಟ ಮಧ್ಯಾಹ್ನವೂ ಹಸಿರು ನೆರಳು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು. ನನಗಾಗಿ ಅವನು ಮೇಷ್ಟ್ರ ಏಟು ತಿಂದದ್ದುಂಟು. ಅವನಿಗಾಗಿ ನಾನು ಏನು ತಿಂದೆನೆಂದು ಯೋಚಿಸಿದರೆ, ಅವನ ತೋಟದ ದ್ರಾಕ್ಷಿಯ ಹೊರತು ಬೇರೇನೂ ನೆನಪಿಗೆ ಬರುವುದಿಲ್ಲ. ಒಬ್ಬರನ್ನೊಬ್ಬರು 'ಮಾಪ್ಳೆ' ಎಂದು ಕರೆದುಕೊಳ್ಳುತ್ತಿದ್ದೆವು. ಅಳಿಯ, ಭಾವ, ಗೆಳೆಯ ಎಲ್ಲಕ್ಕೂ ನಮ್ಮ ಕಡೆ ಆ ಒಂದು ಮಾತು ಸಾಕು.

ಸುಮಾರು ಎರಡು ವರ್ಷದ ಹಿಂದೆ, ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ, ಅವನ ತೋಟಕ್ಕೆ ಒಂದು ಕಾಯಿಲೆ ಬಿತ್ತು. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಮಚ್ಚೆ, ತಿರುಗಿಸಿದರೆ ಕೆಳಗೆ ಬಿಳಿಯ ಬೂದಿ, ಗೊಂಚಲಿನಲ್ಲಿ ಕಾಯಿ ಹಣ್ಣಾಗುವ ಮೊದಲೇ ಸುರುಟಿ ಹೋಗುವುದು. ದ್ರಾಕ್ಷಿಯವರು ಇದಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತಾರೆ. ಬೋರ್ಡೋ ಮಿಶ್ರಣವೆಂದು ಅದರ ಹೆಸರು. ರಂಗಸಾಮಿ ಹೊಡೆದ, ಮತ್ತೆ ಹೊಡೆದ, ಕೈ ಬಟ್ಟೆಯೆಲ್ಲ ನೀಲಿಯಾಯಿತು, ಎಲೆ ಮಾತ್ರ ಹಳದಿಯಾಗಿಯೇ ಉಳಿಯಿತು. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು ಎಂದು ಯಾವಾಗಲೋ ಪಾಂಡಿತ್ಯ ಪ್ರದರ್ಶನಕ್ಕಾಗಿ ನಾನೇ ಅವನಿಗೆ ಹೇಳಿದ್ದೆ. ಅದೇ ಹೊತ್ತಿಗೆ, ಕೊಡೈಕಾನಲ್ಲಿಗೆ ಹಣ್ಣು ಸಾಗಿಸುವ ಲಾರಿಯವನೊಬ್ಬ, ಬೆಟ್ಟದ ಮೇಲೆ ಒಬ್ಬ ವಯಸ್ಸಾದ ಫ್ರೆಂಚ್ ದೊರೆ ಊಟದ ಮನೆ ನಡೆಸುತ್ತಾನೆಂದೂ, ಅವನ ತಾತ ಮುತ್ತಾತಂದಿರೆಲ್ಲ ದ್ರಾಕ್ಷಿ ಬೆಳೆದವರೆಂದೂ, ಎಲೆ ಮುಟ್ಟಿದರೆ ಸಾಕು ರೋಗ ಹೇಳುತ್ತಾನೆಂದೂ ಸುದ್ದಿ ತಂದ. ರಂಗಸಾಮಿ ಎರಡನ್ನೂ ಕೂಡಿಸಿದ.

"ಮಾಪ್ಳೆ, ಈ ಬೋರ್ಡೋ ಮರುಂದು ಅವರ ಊರ್ದು. ಮರುಂದು ಹಿಡೀದಿದ್ರ ಅದನ್ನ ಮಾಡ್ದವ್ರನ್ನ ತಾನೇ ಕೇಳ್ಬೇಕು? ನೀ ಬಂದು ಇಂಗ್ಲೀಷ್ ಪೇಸು, ಅಷ್ಟೇ ನಿನ್ನ ವೇಲೆ," ಎಂದ.

ಅಷ್ಟೇ ನನ್ನ ಕೆಲಸ. ಎರಡು ವಾಕ್ಯದ ಇಂಗ್ಲಿಷು. ಇದನ್ನು ನೀವು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನಾನು ಮರೆತೆ.

ಕಂಬಮ್ಮಿನಿಂದ ಅವನೂ ದಿಂಡುಗಲ್ಲಿನಿಂದ ನಾನೂ ಬಂದು ಬೆಟ್ಟದ ಬುಡದ ವತ್ತಲಗುಂಡಿನ ಬಸ್ ನಿಲ್ದಾಣದಲ್ಲಿ ಸೇರಿದೆವು. ಅವನು ಇಸ್ತ್ರಿ ಮಾಡಿದ ಬಿಳಿ ಪಂಚೆ, ತುಂಬುತೋಳಿನ ಬಿಳಿ ಅಂಗಿ ತೊಟ್ಟಿದ್ದ. ಅಂಗಿಯ ಜೇಬಿನಲ್ಲಿ, ಮಗಳ ನೋಟ್‌ಬುಕ್ಕಿನ ಎರಡು ಹಾಳೆಗಳ ನಡುವೆ, ಕಾಯಿಲೆಯ ಒಂದು ಎಲೆ ಬಾಡದ ಹಾಗೆ ಮಡಿಸಿಟ್ಟಿದ್ದ. ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಅವನ ಕೈ ಕಂಬಿಯನ್ನು ಬಿಟ್ಟು ಜೇಬಿಗೆ ಹೋಗುತ್ತಿತ್ತು. ತೋಟದ ತುಂಬ ಇದ್ದ ಆ ಎಲೆಗಳಲ್ಲಿ ಒಂದನ್ನು ಅವನು ಇಷ್ಟು ಜೋಪಾನ ಮಾಡುವುದನ್ನು ಕಂಡು ನಾನು ನಕ್ಕೆ. ಅವನೂ ನಕ್ಕ, ಕೈ ತೆಗೆಯಲಿಲ್ಲ.

ಆ ಭೋಜನಗೃಹದ ಹೆಸರನ್ನು ನನ್ನ ನಾಲಿಗೆ ಅಂದಿಗೂ ಇಂದಿಗೂ ಸರಿಯಾಗಿ ಹೊರಳಿಸಲಾರದು. ಹೆಂಚಿನ ಮನೆ, ಗಾಜಿನ ಕಿಟಕಿ, ಒಳಗೆ ಏಳೆಂಟು ಮೇಜು, ಮೇಜಿನ ಮೇಲೆ ಮುಟ್ಟಲು ಭಯವಾಗುವಷ್ಟು ಬೆಳ್ಳಗಿನ ಹಾಸು. ರಂಗಸಾಮಿಯ ಯೋಜನೆ ಸರಳವಾಗಿತ್ತು. ಹಿತ್ತಿಲ ಬಾಗಿಲಿಗೆ ಹೋಗುವುದು, ದೊರೆಯನ್ನು ಕರೆಸುವುದು, ಎಲೆ ತೋರಿಸುವುದು, ಉತ್ತರ ಕೇಳಿಕೊಂಡು ಎರಡು ಗಂಟೆಯ ಬಸ್ಸು ಹಿಡಿಯುವುದು. ನನ್ನ ಘನತೆ ಅದಕ್ಕೆ ಒಪ್ಪಲಿಲ್ಲ. ಭಿಕ್ಷೆಗೆ ಬಂದವರ ಹಾಗೆ ಹಿತ್ತಿಲಲ್ಲಿ ನಿಲ್ಲುವುದೇ? ಸಭ್ಯರಂತೆ ಮುಂಬಾಗಿಲಿನಿಂದ ಹೋಗಿ ಊಟ ಮಾಡೋಣ, ಊಟದ ಕೊನೆಗೆ ಯಜಮಾನ ತಾನೇ ಮೇಜಿನ ಬಳಿಗೆ ಬಂದು ಕುಶಲ ಕೇಳುತ್ತಾನೆ, ಫ್ರೆಂಚರ ಪದ್ಧತಿ ಹಾಗೆ, ಎಂದು ಉಪನ್ಯಾಸ ಕೊಟ್ಟೆ. ಫ್ರೆಂಚರ ಪದ್ಧತಿ ನನಗೆ ಹೇಗೆ ಗೊತ್ತೆಂದು ಅವನು ಕೇಳಲಿಲ್ಲ. ಕೇಳಿದ್ದರೆ, ಒಮ್ಮೆ ಪಾಂಡಿಚೇರಿಗೆ ಹೋಗಿ ಸಮುದ್ರದ ದಂಡೆಯಲ್ಲಿ ಒಂದು ಬನ್ನು ತಿಂದು ಬಂದದ್ದೇ ನನ್ನ ಆಧಾರವೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಕೂತೆವು. ಮಡಿಸಿಟ್ಟಿದ್ದ ದೊಡ್ಡ ಬಿಳಿ ಕೈವಸ್ತ್ರವನ್ನು ರಂಗಸಾಮಿ ಬಿಡಿಸಿ, ಇಷ್ಟು ಒಳ್ಳೆಯ ತುಂಡನ್ನು ಕೊಡುತ್ತಾರಲ್ಲ ಎಂದು ಮೆಚ್ಚಿ, ಹೆಗಲಿಗೆ ಹಾಕಿಕೊಂಡ. ನಾನು ಅದನ್ನು ಕಸಿದು, ಹೀಗಲ್ಲವೆಂದು, ನನ್ನದನ್ನು ಕ್ಷೌರದಂಗಡಿಯಲ್ಲಿ ಕೂತವನಂತೆ ಕೊರಳ ಸುತ್ತ ಕಟ್ಟಿ ತೋರಿಸಿದೆ. ಬಡಿಸುವಾತ ಬಂದ. ಮುಖ, ಮೀಸೆ, ನಡೆ ಎಲ್ಲವೂ ವತ್ತಲಗುಂಡಿನ ಸುತ್ತಮುತ್ತಲಿನವು. ನಾನು ಅವನೊಡನೆ ಇಂಗ್ಲಿಷಿನಲ್ಲಿ ಮಾತಾಡಿದೆ. ಪಾಪ, ಅವನೂ ಇಂಗ್ಲಿಷಿನಲ್ಲೇ ಉತ್ತರಿಸಿದ. ತಮಿಳು ಬಲ್ಲ ಮೂವರು ಹೀಗೆ ಯಾರದೂ ಅಲ್ಲದ ಭಾಷೆಯಲ್ಲಿ ತಡವರಿಸುತ್ತ, ಆ ದಿನದ ಊಟ ಏನಿದೆಯೋ ಅದನ್ನೇ ತರಬೇಕೆಂಬ ಒಪ್ಪಂದಕ್ಕೆ ಬಂದೆವು.

ಮೊದಲು ಈರುಳ್ಳಿಯ ಸಾರು ಬಂತು. ಆಳವಾದ ಬಟ್ಟಲು, ಮೇಲೆ ತೇಲುವ ಸುಟ್ಟ ರೊಟ್ಟಿಯ ಚೂರು, ಹದವಾದ ಹಬೆ. ನಾವಿಬ್ಬರೂ ಅದನ್ನು ನೋಡಿದೆವು. ತೊಡೆಯ ಮೇಲೆ ಕೈ ಇಟ್ಟುಕೊಂಡು, ಉಳಿದದ್ದು ಬರಲೆಂದು ಕಾದೆವು.

ನಗಬೇಡಿ. ಸಾರೊಂದೇ ಬಂದಾಗ ಯಾರು ಊಟ ಶುರುಮಾಡುತ್ತಾರೆ? ಅನ್ನವಿಲ್ಲ, ಪಲ್ಯವಿಲ್ಲ, ತುಪ್ಪದ ಸುದ್ದಿಯೇ ಇಲ್ಲ. ಹತ್ತು ನಿಮಿಷ ಕಳೆಯಿತು. ಬಡಿಸುವಾತ ದೂರದ ಕಂಬದ ಬಳಿ ನಿಂತು ನಾವು ಮುಗಿಸಲೆಂದು ಕಾಯುತ್ತಿದ್ದ. ಅವನು ತರಲೆಂದು ನಾವು ಕಾಯುತ್ತಿದ್ದೆವು. ಸಾರಿನ ಹಬೆ ನಿಂತಿತು.

"ಅನ್ನ ಎಲ್ಲಿ ಡಾ?" ಎಂದು ರಂಗಸಾಮಿ ಮೆಲ್ಲಗೆ ಕೇಳಿದ. "ಈ ಅಣ್ಣನ್ನ ತಮಿಳ್ನಲ್ಲಿ ಕೇಳ್ಬಿಡ್ಲಾ?"

"ಸುಮ್ಮ ಇರು, ಮಾನ ತೆಗೀಬೇಡ," ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಬಡಿಸುವಾತ ಬಂದು, ಮುಖ ಸಣ್ಣದು ಮಾಡಿಕೊಂಡು, ತುಂಬಿದ ಬಟ್ಟಲುಗಳನ್ನು ಹಾಗೆಯೇ ಎತ್ತಿಕೊಂಡು ಹೋದ. ಬದಲಿಗೆ ಬೆಣ್ಣೆಯ ರಸದಲ್ಲಿ ಮೀನಿನ ತುಂಡುಗಳು ಬಂದವು. ಇಲ್ಲಿಯಾದರೂ ನಾನು ಎಚ್ಚರಗೊಳ್ಳಬೇಕಿತ್ತು. ಆದರೆ ಅಜ್ಞಾನಕ್ಕೆ ಪಾಂಡಿತ್ಯದ ಬೆಂಬಲ ಸಿಕ್ಕರೆ ಅದು ಯಾವ ಎತ್ತರಕ್ಕೂ ಏರಬಲ್ಲದು. ನನಗೆ ತಕ್ಷಣ ಒಂದು ಸಿದ್ಧಾಂತ ಹೊಳೆಯಿತು. ಮದುವೆಗೆ ಮುಂಚೆ ಸೀರೆ, ಒಡವೆಗಳನ್ನು ತಟ್ಟೆಯಲ್ಲಿಟ್ಟು ನೆಂಟರಿಗೆ ತೋರಿಸುತ್ತಾರಲ್ಲ, ಹಾಗೆ ಈ ಜನ ಒಂದೊಂದೇ ಪದಾರ್ಥವನ್ನು ಮೊದಲು ತೋರಿಸಿ ಅತಿಥಿಯ ಒಪ್ಪಿಗೆ ಪಡೆಯುತ್ತಾರೆ, ಕೊನೆಗೆ ಎಲ್ಲವನ್ನೂ ಬಿಸಿಮಾಡಿ ಒಟ್ಟಿಗೆ ಬಡಿಸುತ್ತಾರೆ, ಎಂದು ರಂಗಸಾಮಿಗೆ ವಿವರಿಸಿದೆ. ಅವನು ನಂಬಿದ. ನಾನು ಹೇಳಿದ್ದನ್ನೆಲ್ಲ ಅವನು ಬೆಂಚಿನ ಕಾಲದಿಂದಲೂ ನಂಬಿದವನು. ಆದ್ದರಿಂದ ಮೀನನ್ನು ಮೆಚ್ಚುಗೆಯಿಂದ ನೋಡಿ, ಬಡಿಸುವಾತನ ಕಡೆ ತಿರುಗಿ, ಒಪ್ಪಿಗೆಯೆಂಬಂತೆ ಗಂಭೀರವಾಗಿ ತಲೆಯಾಡಿಸಿದ. ನಾನೂ ಆಡಿಸಿದೆ. ಮೀನು ತಣ್ಣಗಾಯಿತು, ಒಳಗೆ ಹೋಯಿತು. ಕೋಳಿ ಬಂತು. ತಲೆಯಾಡಿಸಿದೆವು.

ಈ ಬಾರಿ ಬಡಿಸುವಾತ ಒಬ್ಬನೇ ಬರಲಿಲ್ಲ. ಅಡಿಗೆಮನೆಯಿಂದ ದೊರೆಯೇ ಬಂದ. ಎತ್ತರದ ಮುದುಕ, ಬೆಳ್ಳಗಿನ ಹುಬ್ಬು, ಕೈಯಲ್ಲಿ ಒರೆಸುವ ಬಟ್ಟೆ. ತಾನು ಬೇಯಿಸಿದ್ದು ಎರಡು ಸಲ ಹಾಗೆಯೇ ಮರಳಿ ಬಂದದ್ದಕ್ಕೆ ಅವನ ಮುಖದಲ್ಲಿ ಕೋಪವಿರಲಿಲ್ಲ, ನೋವಿತ್ತು. ಏನು ತಪ್ಪಾಯಿತು, ರುಚಿಯಾಗಿಲ್ಲವೇ, ಎಂದು ತುಂಬ ಮೆಲ್ಲಗೆ ಕೇಳಿದ. ಸುತ್ತಲಿನ ಮೇಜುಗಳವರು ನಮ್ಮ ಕಡೆ ತಿರುಗಿದರು. ಕೊರಳಿಗೆ ಬಿಗಿದಿದ್ದ ಬಟ್ಟೆಯೊಳಗೆ ನನಗೆ ಬೆವರು ಇಳಿಯಿತು. ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಗಿಹೋಯಿತು. ಇಷ್ಟು ಹೊತ್ತು ನಾನು ಮಾಡಿದ್ದೇನೆಂದೂ, ಅದು ಇವರಿಗೆಲ್ಲ ಹೇಗೆ ಕಂಡಿರಬೇಕೆಂದೂ.

ಸತ್ಯ ಹೇಳಿದ್ದರೆ ನಗು ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು, ಬಹುಶಃ ಆ ಮುದುಕ ಎಲ್ಲರಿಗಿಂತ ಹೆಚ್ಚು. ನಾನು ಹೇಳಿದ್ದು ಬೇರೆ. ಕ್ಷಮಿಸಬೇಕು, ಎಂದೆ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ. ಈತ ನಮ್ಮ ತೋಟದ ವರ್ಕರ್, ಇಂಥ ಕಡೆ ಎಂದೂ ಬಂದವನಲ್ಲ, ತಿನ್ನುವ ರೀತಿ ತಿಳಿಯದೆ ಸುಮ್ಮನೆ ಕೂತಿದ್ದಾನೆ, ಅವನನ್ನು ಬಿಟ್ಟು ಉಣ್ಣಬಾರದೆಂದು ನಾನೂ ಕಾದೆ.

ನೋಡಿ, ಸುಳ್ಳಿನಲ್ಲೂ ನನ್ನ ಔದಾರ್ಯಕ್ಕೆ ಒಂದು ಕುರ್ಚಿ ಹಾಕಿಕೊಂಡೆ.

ದೊರೆಯ ಮುಖ ಅರಳಿತು. ಕೂಲಿಯವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಉಣಿಸುವ ಯಜಮಾನನೆಂದು ನನ್ನ ಕೈ ಕುಲುಕಿದ. ರಂಗಸಾಮಿಯ ಬಳಿ ಬಾಗಿ, ಅವನ ಕೈಗೆ ಮುಳ್ಳುಚಮಚ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಕೂರಿಸಿ, ಮಗುವಿಗೆ ಕಲಿಸುವಂತೆ ಕಲಿಸಿದ. ಎರಡು ಎಕರೆ ತೋಟದ ಯಜಮಾನನ, ಕತ್ತರಿ ಹಿಡಿದರೆ ಬಳ್ಳಿಯ ಯಾವ ಕಣ್ಣು ಬಿಟ್ಟು ಯಾವುದನ್ನು ಕತ್ತರಿಸಬೇಕೆಂದು ಕಣಿವೆಯವರು ಬಂದು ಕೇಳಿಹೋಗುವ ಆ ಕೈ, ಸುಮ್ಮನೆ ಕಲಿಸಿಕೊಂಡಿತು. ಅವನು ನನ್ನ ಕಡೆ ನೋಡಲಿಲ್ಲ. ಇಂಗ್ಲಿಷು ಅವನಿಗೆ ಅರ್ಥವಾಗಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ವರ್ಕರ್ ಎಂಬ ಮಾತು ಅರ್ಥವಾಗದವನು ಇಡೀ ತಮಿಳುನಾಡಿನಲ್ಲಿ ಒಬ್ಬನಿದ್ದರೆ ತೋರಿಸಿ.

ಆಮೇಲೆ ದೊರೆ ಒಂದು ಕುರ್ಚಿ ಎಳೆದುಕೊಂಡು ನಮ್ಮ ಬಳಿಯೇ ಕೂತ. ಯಾವ ತೋಟ, ಎಂದ. ದ್ರಾಕ್ಷಿ, ಎಂದೆ. ಮುದುಕನ ಕಣ್ಣು ಹೊಳೆಯಿತು. ತನ್ನ ಅಜ್ಜನ ದ್ರಾಕ್ಷಿ ತೋಟ, ಅಲ್ಲಿನ ಚಳಿ, ವರ್ಷಕ್ಕೊಮ್ಮೆ ಬಳ್ಳಿ ಸವರುವ ಹಬ್ಬ, ಎಲ್ಲವನ್ನೂ ಹೇಳಿದ. ನಿಮ್ಮ ಕಣಿವೆಯಲ್ಲಿ ವರ್ಷದಲ್ಲಿ ಎರಡು ಮೂರು ಬಾರಿ ಫಸಲು ಎಂದು ಕೇಳಿದ್ದೇನೆ, ನಿಜವೇ, ಎಂದು ಬೆರಗಾದ. ಕೊನೆಗೆ ಮೇಜಿನ ಮೇಲೆ ಮುಂದಕ್ಕೆ ಬಾಗಿ, ನಾವು ಬೆಟ್ಟ ಹತ್ತಿ ಬಂದದ್ದೇ ಯಾವ ಪ್ರಶ್ನೆಗಾಗಿಯೋ ಅದನ್ನು ತಾನೇ ಕೇಳಿದ: ನಿಮ್ಮ ಬಳ್ಳಿಗಳು ಹೇಗಿವೆ?

ರಂಗಸಾಮಿಗೆ ಮಾತು ತಿಳಿಯಿತೋ, ಬರಿಯ ಸ್ವರ ತಿಳಿಯಿತೋ, ಅವನ ಕೈ ಜೇಬಿಗೆ ಹೋಯಿತು. ನೋಟ್‌ಬುಕ್ಕಿನ ಹಾಳೆಯ ತುದಿ ಹೊರಗೆ ಕಾಣಿಸಿತು.

ಬಳ್ಳಿ ಕಾಯಿಲೆ ಬಿದ್ದಿದೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಯಾವಾಗ ಸವರಿದಿರಿ, ಎಷ್ಟು ಸುಣ್ಣ ಹಾಕಿದಿರಿ, ಮಣ್ಣು ಯಾವುದು. ಯಜಮಾನನಾಗಿ ಕೂತ ನನಗೆ ಒಂದಕ್ಕೂ ಉತ್ತರ ಬಾರದು. ಎಲ್ಲ ಉತ್ತರಗಳೂ ಪಕ್ಕದಲ್ಲಿ ಕೂತ ಕೂಲಿಯವನಲ್ಲಿದ್ದವು. ಅವನನ್ನು ಕೇಳಿ ಹೇಳತೊಡಗಿದರೆ ತೋಟ ಯಾರದೆಂದು ಮೂರನೆಯ ಪ್ರಶ್ನೆಗೇ ಬಯಲಾಗುತ್ತದೆ.

"ವೆರಿ ಗುಡ್," ಎಂದೆ.

ಹಾಳೆಯ ತುದಿ ಜೇಬಿನೊಳಕ್ಕೆ ಮರಳಿತು. ರಂಗಸಾಮಿ ಮುಳ್ಳುಚಮಚವನ್ನು ಕಲಿಸಿದ ಹಾಗೆಯೇ ಹಿಡಿದು, ಬಿಸಿಮಾಡಿ ತಂದ ಕೋಳಿಯನ್ನು ಪೂರ್ತಿ ತಿಂದ. ನಾನು ಏನು ತಿಂದೆನೋ ನೆನಪಿಲ್ಲ.

ನೀವು ಇದನ್ನೇ ಪರಮಾವಧಿ ಎಂದುಕೊಂಡಿದ್ದರೆ ಇನ್ನೂ ಒಂದಿದೆ. ಏಳುವಾಗ ದೊರೆ ನಮ್ಮನ್ನು ಬೀಳ್ಕೊಡಲು ಜಗುಲಿಯವರೆಗೆ ಬಂದ. ರಂಗಸಾಮಿ ಮೇಜಿನ ಕಾಲಿಗೆ ಒರಗಿಸಿದ್ದ ನನ್ನ ತೊಗಲಿನ ಚೀಲವನ್ನು ಎತ್ತಿಕೊಂಡ, ನನ್ನ ಕೊಡೆಯನ್ನೂ ಕಂಕುಳಿಗೆ ಸಿಕ್ಕಿಸಿಕೊಂಡ, ನಾನು ಮೊದಲು ಮೆಟ್ಟಿಲಿಳಿಯಲೆಂದು ಬಾಗಿಲ ಪಕ್ಕಕ್ಕೆ ಸರಿದು ನಿಂತ. ಅಂಗಳ ದಾಟಿ ಗೇಟಿನವರೆಗೂ ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದ. ದೊರೆ ಜಗುಲಿಯಿಂದ ಕೈ ಬೀಸುತ್ತಿದ್ದ. ನಾನು ಕಟ್ಟಿದ ಸುಳ್ಳು ಗೇಟು ದಾಟುವ ಮೊದಲು ಕುಸಿದು ಬಿದ್ದು ನನ್ನ ಮಾನ ಹೋಗಬಾರದೆಂದು ರಂಗಸಾಮಿ ಅದನ್ನು ಹೊತ್ತು ತಂದ, ಚೀಲದ ಜೊತೆಗೆ. ತಿರುವಿನಲ್ಲಿ ಮನೆ ಮರೆಯಾದ ಮೇಲೆ ಚೀಲವನ್ನೂ ಕೊಡೆಯನ್ನೂ ನನ್ನ ಕೈಗಿತ್ತ.

"ಕೋಳಿ ಚೆನ್ನಾಗಿತ್ತು ಮಾಪ್ಳೆ. ಉಪ್ಪು ಮಾತ್ರ ಕಮ್ಮಿ," ಎಂದ.

ಬಸ್ಸಿನಲ್ಲಿ ನಾನು ಬಹಳ ಮಾತಾಡಿದೆ. ಮುಂದಿನ ವಾರ ನಾನೊಬ್ಬನೇ ಮತ್ತೆ ಹೋಗಿ ಎಲೆಯ ವಿಷಯ ವಿಚಾರಿಸಿಕೊಂಡು ಬರುತ್ತೇನೆ, ಇವತ್ತು ಜನ ಹೆಚ್ಚಿದ್ದರು, ಸಂದರ್ಭ ಸರಿಯಿರಲಿಲ್ಲ, ಇತ್ಯಾದಿ. ಅವನು "ಪರವಾಯಿಲ್ಲ" ಎಂದ. ಮುಂದಿನ ವಾರ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಅದರ ಮುಂದಿನ ವಾರ ನೆಗಡಿ. ನಿಜವೆಂದರೆ ಆ ಮುದುಕನೆದುರು ನಿಂತು, ತೋಟ ನನ್ನದಲ್ಲ, ಅವನು ಕೂಲಿಯವನಲ್ಲ, ಬಳ್ಳಿ ಚೆನ್ನಾಗಿಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಎರಡು ತಿಂಗಳ ಬಳಿಕ ರಂಗಸಾಮಿ ಬಳ್ಳಿಗಳನ್ನು ಬುಡಸಮೇತ ತೆಗೆಸಿ ತೆಂಗಿನ ಸಸಿ ನೆಟ್ಟನೆಂದು ಊರಿಂದ ಸುದ್ದಿ ಬಂತು. ಆ ಫ್ರೆಂಚಿನವನಿಗೆ ರೋಗಕ್ಕೆ ಪರಿಹಾರ ಗೊತ್ತಿತ್ತೋ ಇಲ್ಲವೋ ಯಾರು ಬಲ್ಲರು? ಗೊತ್ತಿರಲಿಲ್ಲ ಎಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಆದರೆ ಕೇಳದೇ ಬಂದ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಕೂಡ ಸಿಕ್ಕುವುದಿಲ್ಲ.

ಅಲ್ಲಿಂದ ಒಂದೂವರೆ ವರ್ಷ ನಾನು ಕಂಬಮ್ಮಿಗೆ ಹೋದರೂ ಅವನ ಮನೆಯ ದಾರಿ ತಪ್ಪಿಸಿ ಓಡಾಡಿದೆ. ಕಳೆದ ತಿಂಗಳು ಅವನೇ ದಿಂಡುಗಲ್ಲಿಗೆ ಬಂದ. ಹೆಂಡತಿಗೆಂದು ಚಿನ್ನಾಳಪಟ್ಟಿಯಲ್ಲಿ ಸೀರೆ ಕೊಂಡು, ಹಾಗೆಯೇ ನನ್ನ ಮನೆ ಹುಡುಕಿಕೊಂಡು ಬಂದು, ಚಿಕ್ಕ ಮಗಳಿಗೆ ಕಿವಿ ಚುಚ್ಚಿಸುತ್ತಿದ್ದೇನೆ, ನೀನು ಬರದಿದ್ದರೆ ಆಗುವುದಿಲ್ಲ ಎಂದು ವೀಳ್ಯದೆಲೆ ಇಟ್ಟು ಕರೆದ. ಕರೆಯುವುದಕ್ಕೆ ಯಾರನ್ನಾದರೂ ಕಳಿಸಬಹುದಿತ್ತು.

ಹೋದೆ. ಊಟದ ಚಪ್ಪರವನ್ನು ತೋಟದಲ್ಲೇ ಹಾಕಿದ್ದರು. ತಂತಿ ಬಿಚ್ಚಿದ ಆ ಹಳೆಯ ಕಲ್ಲುಕಂಬಗಳು ಇನ್ನೂ ಸಾಲಾಗಿ ನಿಂತಿದ್ದವು. ಅವುಗಳಿಗೇ ಗಳ ಕಟ್ಟಿ, ತೆಂಗಿನ ಗರಿ ಹೊದಿಸಿ ನೆರಳು ಮಾಡಿದ್ದ. ನನಗೆ ಪರಿಚಯವಿದ್ದ ಹಸಿರು ನೆರಳಿಗಿಂತ ಅದು ಬೇರೆಯಾಗಿತ್ತು, ನಡುನಡುವೆ ಬಿಸಿಲು ಬೀಳುತ್ತಿತ್ತು. ಹಿಂದಿನ ಸಾಲಿನಲ್ಲಿ ಎಲ್ಲಾದರೂ ತೂರಿಕೊಳ್ಳೋಣವೆಂದು ನೋಡುತ್ತಿದ್ದವನನ್ನು ರಂಗಸಾಮಿ ತೋಳು ಹಿಡಿದು ಕರೆತಂದು, ಮೊದಲ ಪಂಕ್ತಿಯ ತಲೆಯಲ್ಲಿ, ಎಲ್ಲರಿಗಿಂತ ಮೊದಲ ಎಲೆಯ ಮುಂದೆ ಕೂರಿಸಿದ. ನನ್ನ ಪಕ್ಕದಲ್ಲಿ ಗೂಡಲೂರಿನಿಂದ ಬಂದಿದ್ದ, ಅವನ ಹೆಂಡತಿಯ ಕಡೆಯ ವೃದ್ಧರೊಬ್ಬರು ಕೂತಿದ್ದರು. ಈ ಜಾಗಕ್ಕೆ ತಮಗಿಂತ ಚಿಕ್ಕವನು ಯಾರಪ್ಪ ಎಂಬಂತೆ ಅವರು ನೋಡಿದರು.

"ಮಾಮ, ಇವ್ನು ನಮ್ಮ ಮಾಪ್ಳೆ. ಒಟ್ಟಿಗೆ ಓದ್ದೋ," ಎಂದ ರಂಗಸಾಮಿ. "ಈ ತೋಟ ಇವನ್ದೂ ಅಂತ ವಚ್ಚಿಕೊಳ್ಳಿ."

ನನ್ನದು ನಿಮ್ಮದೂ ಎಂದುಕೊಳ್ಳಿ ಎಂದು ನಮ್ಮ ಕಡೆ ಯಾರು ಯಾರಿಗೆ ಬೇಕಾದರೂ ಹೇಳುವ ಉಪಚಾರದ ಮಾತು ಅದು. ಅವನು ಅದನ್ನು ಹಾಗೆಯೇ ಹೇಳಿದನೋ, ಬೇರೆ ಏನಾದರೂ ನೆನೆದು ಹೇಳಿದನೋ ಎಂದು ಮುಖ ನೋಡಿದೆ. ಅವನ ಗಮನ ಆಗಲೇ ತುಪ್ಪದ ಪಾತ್ರೆಯ ಕಡೆಗಿತ್ತು.

ಉಪ್ಪು ಬಂತು, ಪಲ್ಯ ಬಂತು, ಅಪ್ಪಳ ಬಂತು, ಅನ್ನ ಬಂತು. ತುಪ್ಪ ಬಿತ್ತು. ಸಾಲಿನುದ್ದಕ್ಕೂ ನಲವತ್ತು ಕೈಗಳು ತೊಡೆಯ ಮೇಲೆ ಕೂತು ನನ್ನ ಕೈಯನ್ನು ಕಾಯತೊಡಗಿದವು. ಬಾಲ್ಯದ ಸಂಕಲ್ಪ ಈಡೇರಿದ ಗಳಿಗೆ. ನನ್ನ ಕೈ ಮೇಲೇಳಲಿಲ್ಲ. ಕಲ್ಲುಕಂಬಗಳು ಕಾಣುತ್ತಿದ್ದವು, ಮುಳ್ಳುಚಮಚದ ಮೇಲೆ ಕೂರಿಸಿದ ಬೆರಳುಗಳು ಕಾಣುತ್ತಿದ್ದವು. ಈ ಎಲೆಯ ಮುಂದೆ ಕೂರುವ ಯೋಗ್ಯತೆ ಆ ಸಾಲಿನಲ್ಲಿ ಯಾರಿಗಾದರೂ ಇಲ್ಲದಿದ್ದರೆ ಅದು ನನಗೆ. ಗೂಡಲೂರಿನ ವೃದ್ಧರು ಕೆಮ್ಮಿದರು. ದೂರದಲ್ಲಿ ಒಂದು ಮಗು ಅಪ್ಪಳಕ್ಕೆ ಕೈ ಹಾಕಿ ತೊಡೆ ಚಿವುಟಿಸಿಕೊಂಡಿತು. ರಂಗಸಾಮಿ ತುಪ್ಪದ ಪಾತ್ರೆ ಹಿಡಿದುಕೊಂಡೇ ಬಂದು ನನ್ನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ.

"ಏನ್ ಡಾ, ಎಲ್ಲಾ ಬಂದಾಯ್ತಲ್ಲ. ಇನ್ನೂ ಏನ್ ಬರ್ಲಿ ಅಂತ ಕೂತಿದ್ದಿ?"

"ರಂಗಾ," ಎಂದೆ. ರೇಡಿಯೋದ ಕನ್ನಡ ಒಂದಕ್ಷರವೂ ನೆರವಿಗೆ ಬರಲಿಲ್ಲ. "ಅವತ್ತು ಬೆಟ್ಟದ ಮೇಲೆ... ನಾ ಅಂಗ ಅನ್ನಬಾರ್ದಿತ್ತು ಡಾ. ಎಲೆ ತೋರ್ಸಕ್ಕೂ ಬಿಡಲಿಲ್ಲ ನಿನ್ನ. ತಪ್ಪಾಯ್ತು."

ಅವನ ಕಣ್ಣು ನನ್ನನ್ನು ಬಿಟ್ಟು ಒಂದು ಕಲ್ಲುಕಂಬದ ಮೇಲೆ ನಿಂತು ಮರಳಿತು. ಅವನಿಗೆ ನೋವಾಗಿರಲಿಲ್ಲವೆಂದು ಈ ಒಂದೂವರೆ ವರ್ಷ ನಾನು ನನಗೆ ಹೇಳಿಕೊಂಡದ್ದು ಎಷ್ಟು ದೊಡ್ಡ ಸುಳ್ಳೆಂದು ಆ ನೋಟದಲ್ಲಿ ತಿಳಿಯಿತು.

"ಅವ್ರನ್ನ ಒಂದ್ ವಾರ್ತೆ ಕೇಳಿದ್ರೆ ಆಗ್ತಿತ್ತು ಮಾಪ್ಳೆ," ಎಂದ. "ಒಂದೇ ಮಾತು."

ಆಮೇಲೆ ಪಾತ್ರೆಯನ್ನು ನೆಲಕ್ಕಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ಎಲೆಯಿಂದ ತುಪ್ಪ ಬಿದ್ದ ಅನ್ನವನ್ನು ಮೂರು ಬೆರಳಲ್ಲಿ ತೆಗೆದು ತನ್ನ ಬಾಯಿಗೆ ಹಾಕಿಕೊಂಡ. ಮನೆಯ ಯಜಮಾನ ಎಲ್ಲ ಪಂಕ್ತಿಗಳೂ ಎದ್ದ ಮೇಲೆ ಉಣ್ಣುವವನು. ಅತಿಥಿಯ ಎಲೆಯಿಂದ ತೆಗೆದು ತಿನ್ನುವುದನ್ನು ಆ ಸಾಲಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ.

"ಕೈ ಇಟ್ಟಾಯ್ತು, ಉಣ್ಣಿ ಎಲ್ಲಾ," ಎಂದು ರಂಗಸಾಮಿ ಸಾಲಿನುದ್ದಕ್ಕೂ ಕೂಗಿ, ತುಪ್ಪದ ಪಾತ್ರೆ ಎತ್ತಿಕೊಂಡು ಮುಂದಕ್ಕೆ ಹೋದ.

ನಲವತ್ತು ಕೈಗಳು ಒಟ್ಟಿಗೆ ಎಲೆಗೆ ಇಳಿದವು. ಅಪ್ಪಳ ಮುರಿಯುವ ಸದ್ದು ಸಾಲಿನ ಆ ತುದಿಯವರೆಗೂ ಹೋಯಿತು. ನನ್ನ ಅಜ್ಜನ ಕಾಲದಷ್ಟು ಮೆತ್ತಗಾಗಿರಲಿಲ್ಲ. ನನ್ನ ಅನ್ನದಲ್ಲಿ ಮೂರು ಬೆರಳಿನ ಗುಂಡಿ ಹಾಗೆಯೇ ಇತ್ತು. ಅದರ ಪಕ್ಕದಿಂದ, ಅದು ಕೆಡದ ಹಾಗೆ, ಎಲ್ಲರಿಗಿಂತ ಕೊನೆಯಲ್ಲಿ ಉಣ್ಣಲು ಶುರುಮಾಡಿದೆ.